ರೈಲು ಹಳಿ ಪಕ್ಕದ ಮನೆಯಲ್ಲಿ ನಿದ್ದೆ ಮಾಡುವುದು ಹೇಗೆ

ನಿದ್ದೆ ಬರುತ್ತಿಲ್ಲ ಅಂದರೆ ಎಲ್ಲರೂ ಹೇಳುವ ಮಾತು ಒಂದೇ: ‘ಏನೂ ಯೋಚನೆ ಮಾಡ್ಬೇಡ, ಸುಮ್ನೆ ಕಣ್ಮುಚ್ಚಿ ಮಲ್ಕೋ.’ ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತು ಕೇಳಿ ಯಾರಿಗಾದರೂ ನಿದ್ದೆ ಬಂದಿದ್ದನ್ನು ನಾನು ಕಂಡಿಲ್ಲ. ಯೋಚನೆ ಬೇಡ ಅಂದಷ್ಟೂ ಯೋಚನೆ ಜಾಸ್ತಿ ಆಗುತ್ತದೆ. ಕಣ್ಣನ್ನೇನೋ ಮುಚ್ಚಬಹುದು, ಕಿವಿ ತಾನಾಗಿ ಮುಚ್ಚುವುದಿಲ್ಲ ಅಲ್ವಾ?

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವ ಕೆಲಸ ಮಾಡುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಮ್ಮ ಊರಿನ ನಡುವೆಯೇ ರೈಲು ಹಳಿ ಹಾದುಹೋಗುತ್ತದೆ, ಬೆಂಗಳೂರು–ಹುಬ್ಬಳ್ಳಿ ಕಡೆಯ ಗಾಡಿಗಳೆಲ್ಲ ಇದೇ ದಾರಿಯಲ್ಲಿ ಓಡಾಡುತ್ತವೆ. ನಮ್ಮ ಮನೆ ಹಳಿಗೆ ಹತ್ತಿರ. ಬೀದಿ ತುದಿಯಲ್ಲಿ ಒಂದು ಕಲ್ಯಾಣ ಮಂಟಪ ಇದೆ. ಬೀದಿ ತುಂಬ ನಾಯಿಗಳು. ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ. ಮೆಕ್ಕೆಜೋಳದ ಲೋಡ್ ತಗೊಂಡು ಹೈವೇ ಹಿಡಿದರೆ ಎರಡು ಮೂರು ರಾತ್ರಿ ಮನೆಗೆ ಬರುವುದಿಲ್ಲ. ಮಗಳು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದಾಳೆ. ಅವಳ ಫೀಸು, ಸಂಘದ ಕಂತು, ಇವರ ಶುಗರ್, ಹಬ್ಬದ ಮುಂಚೆ ಕೊಡಬೇಕಾದ ಬ್ಲೌಸುಗಳು, ಇಷ್ಟೆಲ್ಲ ತಲೆಯಲ್ಲಿರುತ್ತದೆ. ಇಂಥ ಮನೆಯಲ್ಲೂ ನಿದ್ದೆ ಮಾಡಬಹುದು, ನಾನು ಮಾಡುತ್ತಿದ್ದೇನೆ. ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ಚಿಂತೆಯನ್ನೂ ಸದ್ದನ್ನೂ ಎರಡು ಬೇರೆ ತೊಂದರೆ ಅಂದುಕೊಂಡರೆ ಯಾವುದೂ ಬಗೆಹರಿಯುವುದಿಲ್ಲ. ಮನಸ್ಸು ಹಗುರವಾಗಿದ್ದ ರಾತ್ರಿ ಗೂಡ್ಸ್ ಗಾಡಿ ಹೋಗಿದ್ದೇ ಗೊತ್ತಾಗುವುದಿಲ್ಲ. ಮನಸ್ಸು ಕೆಟ್ಟಿದ್ದ ರಾತ್ರಿ ನಲ್ಲಿಯ ಹನಿಯೂ ಎಬ್ಬಿಸುತ್ತದೆ. ಚಿಂತೆ ಇದ್ದಾಗ ಕಿವಿ ಕಾವಲುಗಾರನ ಹಾಗೆ ಎದ್ದು ಕೂತಿರುತ್ತದೆ. ಆದ್ದರಿಂದ ಸದ್ದಿಗೆ ಏನು ಮಾಡಿದರೂ ಜೊತೆಯಲ್ಲಿ ಚಿಂತೆಗೂ ಒಂದು ವ್ಯವಸ್ಥೆ ಮಾಡಬೇಕು.

ನಿದ್ದೆಯಲ್ಲೂ ಕಿವಿ ಕೇಳುತ್ತಿರುತ್ತದೆ

ನಾವು ಮಲಗಿದಾಗಲೂ ಮೆದುಳು ಸದ್ದನ್ನು ಕೇಳುತ್ತಲೇ ಇರುತ್ತದೆ. ಇದಕ್ಕೆ ಏಳಬೇಕಾ, ಬೇಡವಾ ಅಂತ ತೂಗಿ ನೋಡುತ್ತಿರುತ್ತದೆ. ಹಸುಗೂಸು ಇರುವ ತಾಯಿ ಗುಡುಗಿಗೆ ಏಳದೆ ಮಗು ಒಮ್ಮೆ ಕೊಸರಿದರೆ ಎದ್ದುಬಿಡುತ್ತಾಳೆ. ಬೇರೆ ಯಾರದೋ ಹೆಸರು ಕೂಗಿದರೆ ಏಳದವರು ತಮ್ಮ ಹೆಸರು ಕೂಗಿದರೆ ಏಳುತ್ತಾರೆ. ಅಂದರೆ ಸದ್ದು ಎಷ್ಟು ದೊಡ್ಡದು ಅನ್ನುವುದರ ಜೊತೆಗೆ ಅದು ನಮಗೆ ಏನು ಹೇಳುತ್ತದೆ ಅನ್ನುವುದೂ ಮುಖ್ಯ.

ಇನ್ನೊಂದು, ಒಂದೇ ಸಮನೆ ಬರುವ ಸದ್ದು ಅಷ್ಟಾಗಿ ಎಬ್ಬಿಸುವುದಿಲ್ಲ. ಫ್ಯಾನ್ ರಾತ್ರಿಯಿಡೀ ಓಡುತ್ತದೆ, ನಾವು ಮಲಗಿರುತ್ತೇವೆ. ಕರೆಂಟ್ ಹೋಗಿ ಫ್ಯಾನ್ ನಿಂತಾಗಲೇ ಎಚ್ಚರವಾಗುತ್ತದೆ. ನಿಶ್ಶಬ್ದದ ನಡುವೆ ದಿಢೀರನೆ ಬರುವ ಸದ್ದೇ ನಿದ್ದೆ ಕೆಡಿಸುವುದು.

ನಿದ್ದೆ ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ ಸಾಗುತ್ತದೆ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ ಇರುತ್ತದೆ, ಬೆಳಗಿನ ಜಾವದ ಕಡೆಗೆ ನಿದ್ದೆ ತೆಳುವಾಗುತ್ತದೆ. ಹನ್ನೆರಡು ಗಂಟೆಯ ಗಾಡಿಗೆ ಏಳದವರು ನಾಲ್ಕು ಗಂಟೆಯ ಗಾಡಿಗೆ ಏಳುವುದು ಇದಕ್ಕೇ. ರಾತ್ರಿಯಲ್ಲಿ ಹಲವು ಸಲ ಅರೆ ಎಚ್ಚರವಾಗುವುದು ಎಲ್ಲರಿಗೂ ಸಹಜ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಆ ಹೊತ್ತಿಗೆ ಫೀಸಿನ ಲೆಕ್ಕ ತಲೆಗೆ ಬಂದರೆ ಮಾತ್ರ ಎಚ್ಚರ ಪೂರ್ತಿಯಾಗುತ್ತದೆ.

ಚಿಂತೆಗೆ ಸಂಜೆಯೇ ಹೊತ್ತು ಕೊಡಿ

ನನ್ನ ಪ್ರಕಾರ ಇಡೀ ಬರಹದಲ್ಲಿ ಇದೇ ಮುಖ್ಯ. ಇದೊಂದನ್ನೇ ಮಾಡಿದರೂ ಸಾಕು ಅನ್ನುವಷ್ಟು ನಂಬಿಕೆ ನನಗಿದೆ.

ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ, ಅಡುಗೆಗೆ ಹೋಗುವ ಮುಂಚೆ, ಕಾಲು ಗಂಟೆ ಕೂರುತ್ತೇನೆ. ಅಳತೆ ಪುಸ್ತಕದ ಹಿಂದಿನ ಹಾಳೆಗಳು ಇದಕ್ಕೇ ಮೀಸಲು. ತಲೆಯಲ್ಲಿ ಏನೇನು ಓಡುತ್ತಿದೆಯೋ ಎಲ್ಲ ಬರೆಯುತ್ತೇನೆ. ಪ್ರತಿಯೊಂದರ ಎದುರಿಗೆ, ಅದಕ್ಕೆ ನಾನು ಮುಂದೆ ಮಾಡಬಹುದಾದ ಒಂದೇ ಒಂದು ಕೆಲಸ, ಅದನ್ನು ಯಾವತ್ತು ಮಾಡುತ್ತೇನೆ ಅನ್ನುವುದು.

ಇಲ್ಲಿ ಬರೆಯುವ ರೀತಿ ಮುಖ್ಯ. ‘ಮಗಳ ಫೀಸು’ ಅಂತ ಬರೆದು ಬಿಟ್ಟರೆ ಅದು ರಾತ್ರಿ ಮತ್ತೆ ಬರುತ್ತದೆ, ಯಾಕೆಂದರೆ ಅದು ಇನ್ನೂ ಚಿಂತೆಯಾಗಿಯೇ ಉಳಿದಿದೆ. ‘ಸೋಮವಾರ ಹತ್ತೂವರೆಗೆ ಕಾಲೇಜ್ ಆಫೀಸಿಗೆ ಫೋನ್ ಮಾಡಿ, ಎರಡು ಕಂತಲ್ಲಿ ಕಟ್ಟಬಹುದಾ ಕೇಳೋದು’ ಅಂತ ಬರೆದರೆ ಅದು ಕೆಲಸವಾಯಿತು. ‘ಸಂಘದ ಕಂತು’ ಅನ್ನುವ ಬದಲು ‘ಗುರುವಾರದೊಳಗೆ ಆರು ಬ್ಲೌಸ್ ಮುಗಿಸಿ ದುಡ್ಡು ವಸೂಲಿ, ಅದನ್ನು ಕಂತಿನ ಡಬ್ಬಿಗೆ ಹಾಕೋದು.’ ಇಷ್ಟು ವಿವರ ಬೇಕು.

ಇದು ಬರೀ ನನ್ನ ಅನುಭವ ಅಲ್ಲ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರನ್ನು ನಿದ್ದೆ ಪ್ರಯೋಗಾಲಯದಲ್ಲಿ ಮಲಗಿಸಿ ಇದನ್ನೇ ನೋಡಿದರು. 2018ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಮಲಗುವ ಮುಂಚೆ ಐದು ನಿಮಿಷ, ಅರ್ಧದಷ್ಟು ಜನ ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಮುಗಿಸಿದ ಕೆಲಸಗಳನ್ನು ಬರೆದರು. ಮಾಡಬೇಕಾದ್ದನ್ನು ಬರೆದವರಿಗೆ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ವಿವರವಾಗಿ ಬರೆದಷ್ಟೂ ಇನ್ನೂ ಬೇಗ. ಅವರು ಮಲಗುವ ಹೊತ್ತಿಗೆ ಬರೆಸಿದ್ದರು. ನನಗೆ ಸಂಜೆಯೇ ಒಳ್ಳೆಯದು ಅನ್ನಿಸುತ್ತದೆ. ದುಡ್ಡಿನ ಲೆಕ್ಕ ಹಾಸಿಗೆಯಿಂದ ದೂರ ಇದ್ದಷ್ಟೂ ಕ್ಷೇಮ.

ಕೆಲವು ಚಿಂತೆಗಳಿಗೆ ಮಾಡುವಂಥ ಕೆಲಸವೇ ಇರುವುದಿಲ್ಲ. ಇವರು ರಾತ್ರಿ ಘಾಟಿನಲ್ಲಿ ಗಾಡಿ ಓಡಿಸುತ್ತಿದ್ದರೆ ನಾನು ಇಲ್ಲಿ ಕೂತು ಏನು ಮಾಡಲಿ? ಅಂಥದ್ದಕ್ಕೆ ಹಗಲೇ ಒಂದು ಒಪ್ಪಂದ ಮಾಡಿಕೊಳ್ಳಬೇಕು. ನಮ್ಮ ಒಪ್ಪಂದ ಹೀಗಿದೆ: ರಾತ್ರಿ ಊಟಕ್ಕೆ ಡಾಬಾದಲ್ಲಿ ನಿಲ್ಲಿಸಿದಾಗ ಇವರು ಫೋನ್ ಮಾಡುತ್ತಾರೆ, ಎಲ್ಲಿದ್ದೀನಿ, ಮುಂದೆ ಎಲ್ಲಿ ಮಲಗ್ತೀನಿ ಅಂತ ಹೇಳುತ್ತಾರೆ. ಆಮೇಲೆ ನಾನಾಗಿ ಫೋನ್ ಮಾಡುವುದಿಲ್ಲ. ಓಡಿಸುವವರಿಗೆ ಫೋನ್ ಮಾಡುವುದು ಅವರಿಗೇ ಅಪಾಯ. ಏನಾದರೂ ಆದರೆ ಅವರ ಕರೆ ನನಗೆ ಬಂದೇ ಬರುತ್ತದೆ ಅನ್ನುವ ಭರವಸೆ ಇರಬೇಕು, ಅಷ್ಟೇ.

ಆ ಭರವಸೆಗೆ ಫೋನಿನಲ್ಲೇ ದಾರಿ ಇದೆ. ನನ್ನ ಹಾಗೆ ಮನೆಯವರು ಹೊರಗಿರುವ ಹೆಂಗಸರಿಗೆ ಇದು ತುಂಬಾ ಉಪಯೋಗ. ಫೋನ್ ಸೈಲೆಂಟ್ ಮಾಡಿದರೆ ಚಿಂತೆ, ಮಾಡದಿದ್ದರೆ ಗ್ರೂಪಿನ ಮೆಸೇಜು ರಾತ್ರಿಯಿಡೀ ಟಿಂಗ್ ಅನ್ನುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಡು ನಾಟ್ ಡಿಸ್ಟರ್ಬ್’ ಅಂತ ಇರುತ್ತದೆ. ಅದರೊಳಗೆ ಯಾರ ಕರೆ ಮಾತ್ರ ರಿಂಗ್ ಆಗಬೇಕು ಅಂತ ಆರಿಸಬಹುದು. ಯಜಮಾನರು, ಮಗಳು, ನನ್ನ ತಮ್ಮ, ಈ ಮೂರು ನಂಬರ್‌ಗಳಿಗೆ ಸ್ಟಾರ್ ಹಾಕಿಟ್ಟಿದ್ದೇನೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದೂವರೆವರೆಗೆ ಅದು ತಾನೇ ಆನ್ ಆಗುತ್ತದೆ. ಫೋನ್ ದೂರದ ಶೆಲ್ಫಿನಲ್ಲಿ ಇರುತ್ತದೆ, ಕರೆ ಬಂದರೆ ಕೇಳುವಷ್ಟು ಜೋರಾಗಿ. ಹೇಗೆ ಮಾಡುವುದು ಗೊತ್ತಾಗದಿದ್ದರೆ ಮನೆಯ ಮಕ್ಕಳನ್ನು ಕೇಳಿ, ಎರಡು ನಿಮಿಷದ ಕೆಲಸ. ಮಾಡಿಸಿದ ಮೇಲೆ ಅವರ ಫೋನಿಂದ ಒಂದು ಸಲ ಕರೆ ಮಾಡಿಸಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ಮೂರು ಗಂಟೆಗೆ ಚಿಂತೆ ಬಂದರೆ? ಬರುತ್ತದೆ. ಆಗ ನನಗೆ ನಾನೇ ಹೇಳಿಕೊಳ್ಳುವ ಮಾತು: ‘ಬರೆದಿದ್ದೀನಿ. ಸೋಮವಾರ ನೋಡೋಣ.’ ಹೊಸ ಚಿಂತೆಯಾದರೆ ಎದ್ದು ಒಂದು ಸಾಲು ಗೀಚಿ ಬಂದು ಮಲಗುತ್ತೇನೆ. ರಾತ್ರಿ ಹೊತ್ತು ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಸಾಲ ತಗೊಳ್ಳೋದಾ, ಅಂಗಡಿ ಬಿಡೋದಾ, ನಾದಿನಿ ಆಡಿದ ಮಾತಿಗೆ ಏನು ಹೇಳೋದು, ಇದೆಲ್ಲ ಹಗಲಿನ ಕೆಲಸ. ಆ ಹೊತ್ತಲ್ಲಿ ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಬೆಳಿಗ್ಗೆ ನೋಡಿದರೆ ಅಷ್ಟೇನೂ ಇರುವುದಿಲ್ಲ.

ಮೊದಲು ಮನೆಯೊಳಗಿನ ಸದ್ದು

ಹೊರಗಿನ ಸದ್ದಿನ ಮೇಲೆ ಸಿಟ್ಟು ಬರುತ್ತದೆ, ಒಳಗಿನದು ಗಮನಕ್ಕೇ ಬರುವುದಿಲ್ಲ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ಕೇಳಿ. ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕುತ್ತಿದೆಯಾ? ಒಂದು ವಾಷರ್ ಬದಲಿಸಿದರೆ ಸಾಕು. ಫ್ಯಾನ್ ಕಿರ್ ಅನ್ನುತ್ತಿದೆಯಾ? ರೆಕ್ಕೆಯ ಸ್ಕ್ರೂ ಸಡಿಲವಾಗಿರಬಹುದು. ಫ್ರಿಜ್ ಗೋಡೆಗೆ ತಾಗಿದ್ದರೆ ಅದು ನಡುಗುವ ಸದ್ದು ಗೋಡೆಗೂ ಹೋಗುತ್ತದೆ, ಸ್ವಲ್ಪ ಮುಂದೆ ಎಳೆದು ನಾಲ್ಕೂ ಕಾಲು ಸಮ ಮಾಡಿ. ಗಾಳಿಗೆ ಬಡಿಯುವ ಕಿಟಕಿ ಬಾಗಿಲಿಗೆ ಒಂದು ಬಟ್ಟೆ ತುಂಡು ಸಿಕ್ಕಿಸಿ. ಟಿಕ್ ಟಿಕ್ ಗಡಿಯಾರ ಇದ್ದರೆ ಅದನ್ನು ನಡುಮನೆಗೆ ಕಳಿಸಿಬಿಡಿ.

ಸೊಳ್ಳೆಯ ಗುಂಯ್ ಅನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆ ಉಪಾಯ ಸೊಳ್ಳೆ ಪರದೆ. ಸದ್ದು ಬರಬಾರದು ಅಂತ ಕಿಟಕಿ ಬಾಗಿಲು ಎಲ್ಲ ಭದ್ರ ಮಾಡಿ ಒಳಗೆ ಸೊಳ್ಳೆ ಬತ್ತಿ ಹಚ್ಚಿಡಬೇಡಿ. ಆ ಹೊಗೆ ಪುಪ್ಪಸಕ್ಕೆ ಒಳ್ಳೆಯದಲ್ಲ.

ನಮ್ಮ ಬೀದಿಗೆ ಕೆಲವೊಮ್ಮೆ ಸರಿರಾತ್ರಿ ನಲ್ಲಿ ನೀರು ಬರುತ್ತದೆ. ನೀರಿನ ದಿನ ಇಡೀ ಬೀದಿಯ ಹೆಂಗಸರು ಅರೆನಿದ್ದೆ. ನಲ್ಲಿ ಗೊರಗೊರ ಅಂದಿತಾ ಅಂತ ಕಿವಿ ಅಲ್ಲೇ. ಇದಕ್ಕೆ ನಾವು ನಾಲ್ಕು ಮನೆಯವರು ಸರದಿ ಹಾಕಿಕೊಂಡೆವು. ಸರದಿಯವರು ಎದ್ದು ಎಲ್ಲರ ಬಾಗಿಲು ತಟ್ಟಬೇಕು. ಉಳಿದ ಮೂರು ಮನೆಯವರು ನಿಶ್ಚಿಂತೆಯಾಗಿ ಮಲಗಬಹುದು. ನೆಲದ ತೊಟ್ಟಿ ಇರುವವರು ಫ್ಲೋಟ್ ವಾಲ್ವ್ ಹಾಕಿಸಿದರೆ ಏಳುವುದೂ ಬೇಡ, ತುಂಬಿದ ಮೇಲೆ ತಾನೇ ನಿಲ್ಲುತ್ತದೆ.

ಹೊರಗಿನ ಸದ್ದು

ನಿಲ್ಲಿಸಬಹುದಾದ ಸದ್ದನ್ನು ನಿಲ್ಲಿಸಲು ನಾಚಿಕೆ ಬೇಡ. ಶಬ್ದ ಮಾಲಿನ್ಯಕ್ಕೆ 2000ದಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ರಾತ್ರಿ ಅಂದರೆ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆ. ಸದ್ದನ್ನು ಡೆಸಿಬಲ್ ಅನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ. ಜನ ವಾಸಿಸುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹೊತ್ತು ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗೆ ಅಲ್ಲಿರುವವರಿಗೆ ಕೇಳುವಷ್ಟಕ್ಕೆ ವಿನಾಯಿತಿ ಇದೆ. ಹಬ್ಬ ಹರಿದಿನಕ್ಕೆ ಅಂತ ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ಅನುಮತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಜನವಸತಿಯಲ್ಲಿ ರಾತ್ರಿ ಸದ್ದು ಮಾಡುವ ಕಟ್ಟಡದ ಯಂತ್ರ ಓಡಿಸುವುದಕ್ಕೂ, ತುರ್ತಿಲ್ಲದೆ ಹಾರ್ನ್ ಹೊಡೆಯುವುದಕ್ಕೂ ನಿಷೇಧ ಇದೆ.

ನಿಯಮ ಗೊತ್ತಿರುವುದು ಒಳ್ಳೆಯದು, ಆದರೆ ಅದನ್ನು ಮೊದಲ ಮಾತಿನಲ್ಲೇ ತೆಗೆಯಬೇಡಿ. ಮದುವೆ ಸೀಸನ್ ಶುರುವಾಗುವ ಮುಂಚೆ ನಾನೂ ಪಕ್ಕದ ಮನೆಯ ಅಜ್ಜಿಯೂ ಮಂಟಪದ ಮ್ಯಾನೇಜರ್ ಹತ್ತಿರ ಹೋಗಿ ಮಾತಾಡಿದೆವು. ಹಗಲು ಹೊತ್ತು, ಗಲಾಟೆ ಇಲ್ಲದ ದಿನ. ‘ಅಣ್ಣಾ, ಮದುವೆ ಅಂದ್ಮೇಲೆ ವಾಲಗ ಬೇಕು, ಬೇಡ ಅನ್ನಲ್ಲ. ಹತ್ತು ಗಂಟೆ ಆದ್ಮೇಲೆ ಹೊರಗಿನ ಸ್ಪೀಕರ್ ಒಂದು ಬಂದ್ ಮಾಡ್ಸಿ. ಈ ಅಜ್ಜಿಗೆ ಬಿಪಿ ಇದೆ’ ಅಂದೆ. ಬುಕ್ ಮಾಡುವಾಗಲೇ ಪಾರ್ಟಿಯವರಿಗೆ ಹೇಳುತ್ತೇವೆ ಅಂದರು. ಎಲ್ಲ ಮದುವೆಯಲ್ಲೂ ಆ ಮಾತು ನಡೆಯುವುದಿಲ್ಲ. ಹನ್ನೊಂದಾದರೂ ಡಿಜೆ ನಿಲ್ಲದಿದ್ದರೆ 112ಕ್ಕೆ ಫೋನ್ ಮಾಡಿ, ಜಾಗ ಹೇಳಿ. ಮಧ್ಯರಾತ್ರಿ ಒಬ್ಬರೇ ಹೋಗಿ ಕುಡಿದವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಜಗಳ ಆಡಿ ಬಂದ ಮೇಲೆ ಸ್ಪೀಕರ್ ನಿಂತರೂ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ.

ನಾಯಿಗಳ ವಿಷಯದಲ್ಲಿ ಕಲ್ಲು ಹೊಡೆಯುವುದರಿಂದ ಏನೂ ಆಗುವುದಿಲ್ಲ, ಇನ್ನೂ ಜಾಸ್ತಿ ಬೊಗಳುತ್ತವೆ. ರಾತ್ರಿ ಬೀದಿಯಲ್ಲಿ ಎಂಜಲು, ಮಾಂಸದ ಚೂರು ಸುರಿಯುವುದು ನಿಂತರೆ ಕಚ್ಚಾಟ ಕಡಿಮೆಯಾಗುತ್ತದೆ. ಸಂತಾನಹರಣ ಚಿಕಿತ್ಸೆ ಮಾಡಿಸಿ ಅಂತ ಪಾಲಿಕೆಗೆ ಬೀದಿಯವರೆಲ್ಲ ಸೇರಿ ಅರ್ಜಿ ಕೊಡಬಹುದು.

ನಿಲ್ಲಿಸಲು ಆಗದ್ದನ್ನು ತಗ್ಗಿಸಬೇಕು. ಗಾಳಿ ನುಸುಳುವ ಕಡೆಯೆಲ್ಲ ಸದ್ದೂ ನುಸುಳುತ್ತದೆ. ದಪ್ಪ ಪರದೆಗೆ ದುಡ್ಡು ಸುರಿಯುವ ಮುಂಚೆ ಕಿಟಕಿ ಚೌಕಟ್ಟಿನ ಸಂದು, ಬಾಗಿಲ ಕೆಳಗಿನ ಸಂದು ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಟಿಸುವ ಫೋಮ್ ಪಟ್ಟಿ ಸಿಗುತ್ತದೆ, ರಬ್ಬರ್ ಬೀಡಿಂಗ್ ಸಿಗುತ್ತದೆ. ಬಾಗಿಲ ಕೆಳಗೆ ನಾನು ಹಳೆ ಸೀರೆ ತುಂಡು ತುಂಬಿ ಉದ್ದನೆ ದಿಂಬು ಹೊಲಿದು ಇಟ್ಟಿದ್ದೇನೆ. ಕಿಟಕಿಗೆ ಕೌದಿ ನೇತುಹಾಕಿದ್ದೇನೆ. ಕೌದಿಯಿಂದ ಮಾತು, ಟಿವಿ ಸದ್ದು ಸ್ವಲ್ಪ ಮಂದವಾಗುತ್ತದೆ. ರೈಲಿನ ಗಡಗಡಕ್ಕೆ, ಡಿಜೆಯ ಧಂ ಧಂಗೆ ಬಟ್ಟೆ ಸಾಲುವುದಿಲ್ಲ, ಅದಕ್ಕೆ ಗೋಡೆಯೇ ಬೇಕು. ಹಾಗಾಗಿ ಎಲ್ಲಕ್ಕಿಂತ ದೊಡ್ಡ ಲಾಭ ಮಲಗುವ ಜಾಗ ಬದಲಿಸುವುದರಲ್ಲಿದೆ. ಹಳಿಯ ಕಡೆ ಕಿಟಕಿ ಇರುವ ಕೋಣೆಯಲ್ಲಿ ಹೊಲಿಗೆ ಮಿಷಿನ್ ಇಡಿ, ಒಳಗಿನ ಕೋಣೆಯಲ್ಲಿ ಹಾಸಿಗೆ ಹಾಕಿ. ಕೋಣೆ ಒಂದೇ ಇದ್ದರೆ ತಲೆಯನ್ನು ಕಿಟಕಿಯಿಂದ ದೂರದ ಕಡೆಗೆ ಹಾಕಿಕೊಳ್ಳಿ. ಹತ್ತು ಡೆಸಿಬಲ್ ತಗ್ಗಿದರೆ ಕಿವಿಗೆ ಸದ್ದು ಸುಮಾರು ಅರ್ಧಕ್ಕಿಳಿದ ಹಾಗೆ ಅನ್ನಿಸುತ್ತದೆ.

ಕಿವಿಗೆ ಹತ್ತಿ ಇಟ್ಟುಕೊಂಡರೆ ಸದ್ದು ಅಷ್ಟೇನೂ ಕಡಿಮೆಯಾಗುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಫೋಮಿನ ಇಯರ್ ಪ್ಲಗ್ ಕೇಳಿ. ಅದನ್ನು ಹಾಕುವ ಕ್ರಮ ಇದೆ. ಕೈ ತೊಳೆದುಕೊಂಡು, ಪ್ಲಗ್ಗನ್ನು ಬೆರಳಲ್ಲಿ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಪ್ಲಗ್ ಒಳಗಿಟ್ಟು ಅರ್ಧ ನಿಮಿಷ ಬೆರಳಲ್ಲಿ ಹಿಡಿದುಕೊಳ್ಳಿ, ಅದು ಉಬ್ಬಿ ಕೂರುತ್ತದೆ. ಪ್ಯಾಕೆಟ್ ಮೇಲೆ 30 ಡೆಸಿಬಲ್ ಆಸುಪಾಸು ಅಂತ ಬರೆದಿದ್ದರೂ ಸರಿಯಾಗಿ ಕೂರದಿದ್ದರೆ ಅಷ್ಟು ಸಿಗುವುದಿಲ್ಲ. ತೀರಾ ಆಳಕ್ಕೆ ತಳ್ಳಬೇಡಿ. ಕಿವಿ ಸೋರುತ್ತಿದ್ದರೆ, ನೋವಿದ್ದರೆ ಹಾಕಲೇಬೇಡಿ. ಮನೆಯಲ್ಲಿ ಮಗು ಅಥವಾ ಕಾಯಿಲೆಯವರಿದ್ದರೆ ಒಂದೇ ಕಿವಿಗೆ ಹಾಕಿಕೊಂಡು ಆ ಕಿವಿ ಮೇಲೆ ಬರುವಂತೆ ಮಲಗಿ, ಇನ್ನೊಂದು ದಿಂಬಿಗೆ ಒತ್ತಿದ್ದರೂ ಕೂಗಿದರೆ ಕೇಳುತ್ತದೆ. ಇವರು ಹೊರಗಿರುವ ರಾತ್ರಿ ನಾನು ಪ್ಲಗ್ ಹಾಕುವುದಿಲ್ಲ. ಫೋನ್ ಕೇಳದೆ ಹೋದರೆ ಅನ್ನುವ ಭಯದಲ್ಲಿ ಎಚ್ಚರ ಇರುವುದಕ್ಕಿಂತ ರೈಲು ಕೇಳುವುದೇ ವಾಸಿ.

ಅಂಥ ರಾತ್ರಿ ನನಗೆ ಟೇಬಲ್ ಫ್ಯಾನ್ ಇದೆ. ಗೋಡೆಯ ಕಡೆ ಮುಖ ಮಾಡಿ, ಕಿಟಕಿಗೂ ಹಾಸಿಗೆಗೂ ನಡುವೆ ಇಡುತ್ತೇನೆ. ಒಂದೇ ಸಮನೆ ಬರುವ ಅದರ ಸದ್ದಿನಲ್ಲಿ ಸಣ್ಣಪುಟ್ಟ ಸದ್ದು ಮುಳುಗಿಹೋಗುತ್ತದೆ. ಮಳೆ ಸದ್ದಿನ ಆ್ಯಪ್‌ಗಳೂ ಇವೆ, ಸಣ್ಣ ದನಿಯಲ್ಲಿ ಇಟ್ಟರೆ ಸಾಕು.

ಇನ್ನು ರೈಲು. ಅದನ್ನು ನಿಲ್ಲಿಸಲೂ ಆಗದು, ಪೂರ್ತಿ ಮುಚ್ಚಲೂ ಆಗದು. ಹಳಿ ಪಕ್ಕದಲ್ಲಿ ಹಳದಿ ಬೋರ್ಡ್ ಮೇಲೆ ಕಪ್ಪು ಅಕ್ಷರದಲ್ಲಿ ‘ಡಬ್ಲ್ಯೂ/ಎಲ್’ ಅಂತ ಬರೆದಿರುತ್ತದೆ. ಮುಂದೆ ಗೇಟ್ ಇದೆ, ಹಾರ್ನ್ ಹಾಕು ಅಂತ ಅದು ಡ್ರೈವರ್‌ಗೆ ಕೊಡುವ ಸೂಚನೆ. ಯಾರೋ ಬೇಕಂತ ನಮ್ಮ ನಿದ್ದೆ ಕೆಡಿಸುತ್ತಿಲ್ಲ, ಗೇಟಿನ ಹತ್ತಿರ ಯಾರೂ ಸಾಯಬಾರದು ಅಂತ ಆ ಮನುಷ್ಯ ನಿದ್ದೆಗೆಟ್ಟು ಹಾರ್ನ್ ಹಾಕುತ್ತಿದ್ದಾನೆ. ನಮ್ಮ ಮನೆಯವರೂ ಹಾಗೇ ರಾತ್ರಿಯಿಡೀ ಸ್ಟೇರಿಂಗ್ ಹಿಡಿದಿರುತ್ತಾರೆ. ಹೀಗೆ ತಿಳಿದ ಮೇಲೆ ಆ ಸದ್ದಿನ ಮೇಲಿನ ಸಿಟ್ಟು ಇಳಿಯಿತು. ಸಿಟ್ಟು ಇಳಿದರೆ ಎಚ್ಚರವಾದರೂ ಮತ್ತೆ ಬೇಗ ನಿದ್ದೆ ಹತ್ತುತ್ತದೆ. ಸದ್ದು ಬಂದಾಗ ‘ಅಯ್ಯೋ, ಬಂತು’ ಅನ್ನಬೇಡಿ. ‘ಗೂಡ್ಸ್ ಗಾಡಿ, ಹುಬ್ಬಳ್ಳಿ ಕಡೆ’ ಅಂತ ಹೆಸರು ಹೇಳಿ, ಅದು ದೂರ ಹೋಗುವವರೆಗೂ ಕೇಳಿ, ಬಿಟ್ಟುಬಿಡಿ. ಮುಂದಿನದು ಯಾವಾಗ ಅಂತ ಕಾಯುವುದು ಬೇಡ.

ನಿದ್ದೆ ಬರದೆ ಹೊರಳಾಡುವಾಗ

ಹಾಸಿಗೆಯಲ್ಲಿ ಹೊರಳಾಡುತ್ತಾ ಇರಬೇಡಿ. ಸುಮಾರು ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೆ ಎದ್ದು ಬೇರೆ ಕಡೆ ಹೋಗಿ ಕೂರಿ. ಅಂದಾಜು ಸಾಕು, ಗಡಿಯಾರ ನೋಡಬಾರದು. ‘ಈಗ ಮಲಗಿದರೂ ಮೂರೇ ಗಂಟೆ’ ಅನ್ನುವ ಲೆಕ್ಕ ಶುರುವಾದರೆ ಇರುವ ನಿದ್ದೆಯೂ ಹೋಗುತ್ತದೆ. ಹಾಸಿಗೆ ಅಂದರೆ ನಿದ್ದೆ ಅಂತ ಮೈಗೆ ರೂಢಿಯಾಗಬೇಕು, ಹಾಸಿಗೆ ಅಂದರೆ ಒದ್ದಾಟ ಅಂತ ಆಗಬಾರದು. 1972ರಲ್ಲಿ ರಿಚರ್ಡ್ ಬೂಟ್ಜಿನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳಿದ ಕ್ರಮ ಇದು. ಇವತ್ತಿಗೂ ನಿದ್ದೆಯ ಚಿಕಿತ್ಸೆಯಲ್ಲಿ ಇದನ್ನು ಬಳಸುತ್ತಾರೆ.

ಎದ್ದು ಏನು ಮಾಡುವುದು? ಮಂದ ಬೆಳಕಿನಲ್ಲಿ, ಮುಗಿಸಲೇಬೇಕು ಅನ್ನುವ ಒತ್ತಡ ಇಲ್ಲದ ಕೆಲಸ. ನಾನು ಕತ್ತರಿಸಿ ಉಳಿದ ತುಂಡು ಬಟ್ಟೆಗಳನ್ನು ಬಣ್ಣ ನೋಡಿ ಮಡಿಸಿಡುತ್ತೇನೆ, ಮುಂದೆ ಕೌದಿಗೆ ಬರುತ್ತವೆ. ಆರ್ಡರಿನ ಬ್ಲೌಸ್ ಮುಟ್ಟುವುದಿಲ್ಲ. ಫೋನ್ ಮುಟ್ಟುವುದಿಲ್ಲ. ಟೀ ಇಡುವುದಿಲ್ಲ. ಕಣ್ಣು ಎಳೆಯತೊಡಗಿದಾಗ ಹೋಗಿ ಮಲಗುವುದು. ಮತ್ತೆ ಬರದಿದ್ದರೆ ಮತ್ತೆ ಎದ್ದು ಬರುವುದು. ಮೊದಮೊದಲು ಇದು ಕಷ್ಟ, ಚಳಿಗಾಲದಲ್ಲಿ ಇನ್ನೂ ಕಷ್ಟ. ಕೆಲವು ವಾರ ಬಿಡದೆ ಮಾಡಬೇಕು.

ಮಲಗಿದಾಗ ಮೈ ಬಿಗಿಯಾಗಿದ್ದರೆ ಪಾದದಿಂದ ಶುರು ಮಾಡಿ. ಬೆರಳುಗಳನ್ನು ಐದು ಸೆಕೆಂಡ್ ಬಿಗಿ ಹಿಡಿದು ಬಿಟ್ಟುಬಿಡಿ. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ. ನಾವು ಬಗ್ಗಿ ಹೊಲಿಯುವವರಿಗೆ ಭುಜದಲ್ಲೇ ಎಲ್ಲ ಬಿಗಿ ಇರುತ್ತದೆ, ಅಲ್ಲಿ ಎರಡು ಸಲ ಮಾಡಿ. ಉಸಿರನ್ನು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ನಿಧಾನವಾಗಿರಲಿ.

ಹಗಲಿನ ಎರಡು ಮೂರು ಮಾತು

ಏಳುವ ಹೊತ್ತು ಒಂದೇ ಇರಲಿ. ರಾತ್ರಿ ಎಷ್ಟೇ ಕೆಟ್ಟಿರಲಿ, ಭಾನುವಾರವೇ ಆಗಿರಲಿ. ತಡವಾಗಿ ಎದ್ದರೆ ಅವತ್ತು ರಾತ್ರಿಯ ನಿದ್ದೆಯೂ ತಡ. ಎದ್ದ ಕೂಡಲೇ ಹೊರಗೆ ಬಂದು ಬೆಳಕಿಗೆ ಮುಖ ಕೊಡಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಷ್ಟು ಹೊತ್ತಾದರೂ.

ಟೀ ಕಾಫಿಯಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ನನ್ನ ಕೊನೆಯ ಟೀ ಮಧ್ಯಾಹ್ನ ಎರಡಕ್ಕೆ. ಸಂಜೆ ಗಿರಾಕಿಗಳ ಜೊತೆ ಮಂಡಕ್ಕಿ ಮೆಣಸಿನಕಾಯಿ ತಿಂದರೂ ಟೀ ಬಿಡುತ್ತೇನೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರಬಾರದು. ಕುಡಿದರೆ ನಿದ್ದೆ ಬರುತ್ತದೆ ಅನ್ನುವ ಗಂಡಸರಿಗೆ ಹೇಳುತ್ತೇನೆ: ಹತ್ತುವುದು ಬೇಗ, ಆದರೆ ಬೆಳಗಿನ ಜಾವಕ್ಕೆ ನಿದ್ದೆ ಚೂರು ಚೂರಾಗುತ್ತದೆ.

ಇನ್ನೊಂದು ಕ್ರಮ ಇದೆ, ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿಮೆ ಮಾಡುವುದು. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಆರು ಗಂಟೆ ಮಾತ್ರ ನಿದ್ದೆ ಬರುವವರು ಕೆಲವು ದಿನ ಆರೇ ಗಂಟೆ ಹಾಸಿಗೆಯಲ್ಲಿರುವುದು, ಉದಾಹರಣೆಗೆ ಹನ್ನೊಂದೂವರೆಯಿಂದ ಐದೂವರೆ. ಆ ಹೊತ್ತೆಲ್ಲ ನಿದ್ದೆ ತುಂಬಿದ ಮೇಲೆ ಕಾಲು ಗಂಟೆ ಕಾಲು ಗಂಟೆ ಸೇರಿಸುತ್ತಾ ಹೋಗುವುದು. ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ಇದು ತುಂಬಾ ಜನರಿಗೆ ಕೆಲಸ ಮಾಡುತ್ತದೆ, ಆದರೆ ಶುರುವಿನ ದಿನಗಳಲ್ಲಿ ಹಗಲು ತೂಕಡಿಕೆ ಇರುತ್ತದೆ. ಹಾಗಾಗಿ ಗಾಡಿ ಓಡಿಸುವವರು, ಮಿಷಿನ್ ಮುಂದೆ ನಿಲ್ಲುವವರು, ಫಿಟ್ಸ್ ಬರುವವರು, ಬೈಪೋಲಾರ್ ಕಾಯಿಲೆ ಇರುವವರು ತಾವಾಗಿ ಇದನ್ನು ಮಾಡಬಾರದು. ನಮ್ಮ ಯಜಮಾನರಿಗೆ ನಾನು ಇದನ್ನು ಖಂಡಿತ ಹೇಳುವುದಿಲ್ಲ.

ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು

ವಾರದಲ್ಲಿ ಮೂರು ರಾತ್ರಿಯಾದರೂ ಹೀಗಾಗುತ್ತಾ ಮೂರು ತಿಂಗಳಾಗಿದ್ದರೆ ಅದು ಚಿಕಿತ್ಸೆ ಬೇಕಾದ ನಿದ್ರಾಹೀನತೆ. ಅಷ್ಟು ದಿನ ಕಾಯಲೇಬೇಕು ಅಂತಲೂ ಇಲ್ಲ. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವವರು, ಹಗಲು ಕೂತಲ್ಲೇ ನಿದ್ದೆ ಹೋಗುವವರು ಬೇಗ ತೋರಿಸಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ರಾತ್ರಿ ಮೈ ಬಿಸಿಯಾಗಿ ಬೆವರಿ ಎಚ್ಚರವಾಗುವ ಹೆಂಗಸರು ಅದನ್ನು ನಾಚಿಕೆ ಇಲ್ಲದೆ ಹೇಳಿ. ಥೈರಾಯ್ಡ್, ಶುಗರ್‌ನಿಂದಲೂ ನಿದ್ದೆ ಕೆಡುತ್ತದೆ.

ಮೆಡಿಕಲ್ ಶಾಪಿನವರಿಗೆ ಗುರುತು ಅಂತ ಹೇಳಿ ನಿದ್ದೆ ಮಾತ್ರೆ ತರಬೇಡಿ. ಪಕ್ಕದ ಮನೆಯವರು ಕೊಟ್ಟ ಒಂದು ಸ್ಟ್ರಿಪ್ಪೂ ಬೇಡ. ಆಲ್ಪ್ರಜೋಲಾಮ್‌ನಂಥ ಮಾತ್ರೆಗಳು ಬೇಗ ಚಟ ಹಿಡಿಸುತ್ತವೆ. ಈಗಾಗಲೇ ತಿಂಗಳುಗಟ್ಟಲೆ ತಗೊಳ್ಳುತ್ತಿರುವವರು ದಿಢೀರನೆ ನಿಲ್ಲಿಸಬೇಡಿ, ಅದೂ ಅಪಾಯ. ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಬಹಳ ದಿನದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ್ದು ಮಾತ್ರೆ ಅಲ್ಲ, ಸಿಬಿಟಿ–ಐ ಅನ್ನುವ ಮಾತು ಮತ್ತು ರೂಢಿಯ ಚಿಕಿತ್ಸೆ ಅಂತ ಅಮೆರಿಕದ ಡಾಕ್ಟರ್‌ಗಳ ಸಂಘ, ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, 2016ರಲ್ಲೇ ಹೇಳಿದೆ. ಮೇಲೆ ಬರೆದ ಎದ್ದು ಕೂರುವುದು, ಹೊತ್ತು ಕಡಿಮೆ ಮಾಡುವುದು ಎಲ್ಲ ಅದರದೇ ಭಾಗಗಳು. ಆ ಚಿಕಿತ್ಸೆ ಸಿಗುತ್ತದಾ ಅಂತ ಡಾಕ್ಟರನ್ನು ನೀವೇ ಕೇಳಿ.

ಚಿಂತೆ ಹಗಲೂ ಬಿಡದಿದ್ದರೆ, ಏನೂ ಬೇಡ ಅನ್ನಿಸುತ್ತಿದ್ದರೆ, ಬದುಕು ಸಾಕು ಅನ್ನುವ ಯೋಚನೆ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಎರಡು ವಾರ ಒಂದು ಪಟ್ಟಿ ಬರೆದುಕೊಂಡು ಹೋಗಿ. ದಿನಾ ಬೆಳಿಗ್ಗೆ ಬರೆಯಿರಿ, ರಾತ್ರಿ ಗಡಿಯಾರ ನೋಡಿಕೊಂಡು ಬರೆಯಬೇಡಿ. ಎಷ್ಟು ಹೊತ್ತಿಗೆ ಮಲಗಿದಿರಿ, ಅಂದಾಜು ಎಷ್ಟು ಹೊತ್ತಿಗೆ ನಿದ್ದೆ ಬಂತು, ಎಷ್ಟು ಸಲ ಎಚ್ಚರವಾಯಿತು, ಯಾವುದರಿಂದ, ಎಷ್ಟಕ್ಕೆ ಎದ್ದಿರಿ, ಹಿಂದಿನ ದಿನ ಕೊನೆಯ ಟೀ ಯಾವಾಗ ಕುಡಿದಿರಿ. ತಗೊಳ್ಳುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ, ನಿಮ್ಮ ಗೊರಕೆಯ ವಿಷಯ ಅವರಿಗೇ ಗೊತ್ತಿರುವುದು.